ಪುಷ್ಯಾರ್ಕದ ದಿನ ಅಪ್ಪನ ಬಾಯಿ

ನಮ್ಮಪ್ಪನ ಹೆಸರು ಮೌನೇಶಪ್ಪ. ಹೆಸರಿಟ್ಟವರು ಆತ ಮಾತು ಕಲಿಯುವವರೆಗಾದರೂ ಕಾಯಬೇಕಿತ್ತು. ಅಕ್ಕಿಆಲೂರಿನ ಸಂತೆ ಮುಗಿದು ಮಂದಿಯೆಲ್ಲ ಗಂಟು ಕಟ್ಟಿಕೊಂಡು ಹೋದರೂ ನಮ್ಮ ಕಟ್ಟೆಯ ಮೇಲೆ ಅಪ್ಪನ ಮಾತು ನಡೆದೇ ಇರುತ್ತಿತ್ತು.

ನಮ್ಮದು ಪತ್ತಾರಿಕೆ. ಬಂಗಾರ ಮಾಡಿಸುವವರು ಬಂದರೆ ಬಂದರು, ಇಲ್ಲದಿದ್ದರೆ ಇಲ್ಲ. ತಾಯತ ಮಾಡಿಸುವವರು ಮಾತ್ರ ತಪ್ಪದೆ ಬರುತ್ತಿದ್ದರು. ಎಮ್ಮೆ ಒದ್ದರೆ ತಾಯತ, ಕೂಸು ಬೆಚ್ಚಿದರೆ ತಾಯತ, ಅತ್ತೆ ಒದರಿದರೂ ತಾಯತ. ಬಸ್ಸಿನ ಡ್ರೈವರ್ ಮಹಮ್ಮದಗೌಸ ಕೂಡ ಸ್ಟೇರಿಂಗಿಗೆ ಒಂದು ಕಟ್ಟಿಕೊಂಡಿದ್ದ. “ಬ್ರೇಕ್ ಹಿಡೀದಿದ್ರ ಇದಾದ್ರೂ ಹಿಡೀತೈತ್ರಿ” ಎನ್ನುತ್ತಿದ್ದ.

ಆದರೆ ಲಗ್ನ ಕೂಡಿಬರಲೆಂದು ಮಾಡುವ ತಾಯತಕ್ಕೆ ಎಲ್ಲ ದಿನವೂ ನಡೆಯುವುದಿಲ್ಲ. ರವಿವಾರಕ್ಕೆ ಪುಷ್ಯ ನಕ್ಷತ್ರ ಕೂಡಬೇಕು, ಅದೇ ಪುಷ್ಯಾರ್ಕ. ಪಂಚಾಂಗ ನೋಡಿ, ಆ ಗಳಿಗೆಯಲ್ಲಿ ತಾಮ್ರದ ತಗಡಿನ ಮೇಲೆ ಯಂತ್ರ ಕೊರೆದು, ಕೊನೆಗೆ ನಟ್ಟನಡುವೆ ಕಟ್ಟಿಕೊಳ್ಳುವವನ ಹೆಸರು ಹಾಕಬೇಕು. ಮೊದಲ ಗೆರೆಯಿಂದ ಕೊನೆಯ ಅಕ್ಷರದವರೆಗೆ ಕೊರೆಯುವವನು ತುಟಿಪಿಟಕ್ಕೆನ್ನಬಾರದು. ಒಂದು ಮಾತು ಆಡಿದರೂ ತಗಡು ಕೆಟ್ಟಿತು, ಕರಗಿಸಬೇಕು.

ಅಪ್ಪನಂಥವನಿಗೆ ಇದು ಆಗುವ ಮಾತೇ? ಅದಕ್ಕೆ ಆತನೇ ಒಂದು ಉಪಾಯ ಮಾಡಿಕೊಂಡಿದ್ದ. ಬಾಯಿ ತುಂಬ ನೀರು ಹಿಡಿದುಕೊಂಡು ಕೆಲಸಕ್ಕೆ ಕೂಡುತ್ತಿದ್ದ. ಕೊನೆಯ ಅಕ್ಷರ ಮುಗಿದ ಕೂಡಲೆ ಹಿತ್ತಲಿಗೆ ಓಡಿ ನೀರು ಉಗುಳಿ, ಅಷ್ಟು ಹೊತ್ತು ಕೂಡಿಟ್ಟದ್ದನ್ನೆಲ್ಲ ಒಂದೇ ಸಲಕ್ಕೆ ಆಡುತ್ತಿದ್ದ. ಏನೇ ಅನ್ನಲಿ, ಅಪ್ಪನ ಒಂದು ತಗಡೂ ಕೆಟ್ಟಿರಲಿಲ್ಲ. ಅದೇ ಅವನ ಹೆಮ್ಮೆ.

ಕೊರೆಯುವುದು ಅಪ್ಪ, ಗೆರೆ ಎಳೆಯುವುದು ನಾನು. ತ್ರಿಕೋನದೊಳಗೆ ತ್ರಿಕೋನ, ಸುತ್ತ ಎಸಳು, ಅಂಚಿಗೆ ಅಕ್ಷರ, ಎಲ್ಲವನ್ನೂ ಕಾಡಿಗೆಯಲ್ಲಿ ಬರೆದುಕೊಡುತ್ತಿದ್ದೆ. “ನಮ್ಮ ಕಾಳವ್ವ ಎಳದ ಗೆರಿಯೊಳಗಿಂದ ದೇವ್ರಿಗೂ ತಪ್ಪಿಸಿಕೊಳ್ಳಾಕ ಬರಂಗಿಲ್ಲ” ಎಂದು ಅಪ್ಪ ಊರೆಲ್ಲ ಹೇಳಿಕೊಂಡು ಬರುತ್ತಿದ್ದ. ಕೇಳಲು ಚಂದ. ಆದರೆ ತಪ್ಪಿಸಿಕೊಳ್ಳಲು ಬಾರದಂತಾಗಿದ್ದು ನನಗೆ.

ಯಾಕೆಂದರೆ ನನ್ನನ್ನು ನೋಡಲು ಬಂದವರನ್ನೆಲ್ಲ ಅಪ್ಪ ಮಾತಿನಿಂದಲೇ ಓಡಿಸುತ್ತಿದ್ದ. ಶಿಗ್ಗಾಂವಿಯ ಗಂಡಿನ ಜಾತಕದಲ್ಲಿ ಶನಿಯನ್ನು ಹುಡುಕಿ, ಅದು ಸಾಲದೆ ಅವನ ಮೀಸೆಯಲ್ಲೂ ಹುಡುಕಿದ. ಸವಣೂರಿನವರಿಗೆ, “ನಿಮ್ಮೂರಾಗ ಎಲಿ ಚಲೋ ಬೆಳೀತಾವ್ರಿ, ಗಂಡಸರ ಬಗ್ಗೆ ನಾ ಏನೂ ಕೇಳಿಲ್ಲ” ಎಂದ. ಅವರು ತಂದ ವೀಳ್ಯದೆಲೆಯನ್ನೂ ವಾಪಸ್ಸು ಕಟ್ಟಿಕೊಂಡು ಹೋದರು. ಓರಗೆಯ ಗೆಳತಿಯರೆಲ್ಲ ಬಾಣಂತನಕ್ಕೆ ತವರಿಗೆ ಬರುತ್ತಿದ್ದರು, ನಾನು ಇನ್ನೂ ತವರಲ್ಲೇ ಕಾಡಿಗೆ ಅರೆಯುತ್ತಿದ್ದೆ. ಸಿಟ್ಟು ನೆತ್ತಿಗೇರುತ್ತಿತ್ತು.

ಆಗ ಬಂದವನು ಹಿರೇಕೆರೂರಿನ ಮಾನಪ್ಪ. ಅವನೂ ಪತ್ತಾರನೇ. ತಗಡು ಕೊಳ್ಳಲು ಬಂದವನು ನಾನು ಬರೆದದ್ದರ ಮುಂದೆ ಕುಕ್ಕರಗಾಲಿನಲ್ಲಿ ಕೂತುಬಿಟ್ಟ. “ಈ ಮೂಲಿ ಹೆಂಗ ಕೂಡಿಸಿದ್ರಿ? ನಾ ಎಷ್ಟ ಸಲ ಎಳದ್ರೂ ಕೂಡಂಗಿಲ್ರಿ” ಎಂದ. ಅಲ್ಲಿಯವರೆಗೆ ಬಂದವರೆಲ್ಲ ನನಗೆ ರೊಟ್ಟಿ ಬಡಿಯಲು ಬರುತ್ತದೆಯೇ ಎಂದಷ್ಟೇ ಕೇಳಿದ್ದರು. ಸುಳ್ಳು ಯಾಕೆ ಹೇಳಲಿ, ಅವನು ಆವತ್ತೇ ನನ್ನ ಮನಸ್ಸಿಗೆ ಬಂದ.

ಅವನ ತಾಯಿ ಸರೋಜವ್ವ, ಸೋದರಮಾವ ಕರಬಸಪ್ಪ ಹೆಣ್ಣು ಕೇಳಲು ಬಂದರು. ಅವರು ತಂದಿದ್ದ, ಮಾನಪ್ಪ ಕೊರೆದ ಒಂದು ತಗಡನ್ನು ಅಪ್ಪ ತಿರುಗಿಸಿ ಮುರುಗಿಸಿ ನೋಡಿ, “ಇದನ್ನ ಕೈಲೆ ಕೊರದಾನೋ, ಕೋಳಿ ಕೆದರೈತೋ?” ಎಂದ. ಕರಬಸಪ್ಪ ರುಮಾಲು ಸುತ್ತಿಕೊಂಡು ಎದ್ದ. ಬಾಗಿಲಲ್ಲಿ ಅವ್ವನಿಗೆ ಹೇಳಿದ: “ತಂಗಿ, ನಿನ್ನ ಮಾರಿ ನೋಡಿ ಇನ್ನೊಂದ ಸಲ ಬರ್ತೇವಿ. ಆವಾಗೂ ಹಿಂಗಾದ್ರ ರಾಣೇಬೆನ್ನೂರಿನ ಹುಡುಗೀನ್ನ ಗೊತ್ತು ಮಾಡ್ತೇವಿ.”

ನಾನು ಪಂಚಾಂಗ ತೆಗೆದೆ.

“ಅವ್ವಾ, ಬರೋ ಪುಷ್ಯಾರ್ಕದ ದಿನ ಅವರನ್ನ ಕರಸು. ಅಪ್ಪನ ಬಾಯಾಗ ನೀರಿರತೈತಿ.”

ಅವ್ವ ಹೊಳೆವ್ವ ಅಂಜುಬುರುಕಿ. “ಪುಷ್ಯದಾಗ ಲಗ್ನ ಮಾಡಬಾರದಲ್ಲ ಹುಚ್ಚಿ!”

“ಲಗ್ನ ಮಾಡಬಾರದು. ಸಕ್ಕರಿ ತಿನಬಾರದಂತ ಎಲ್ಲೆರ ಬರದೈತೇನು?”

ನಮ್ಮ ಕಡೆ ಮಾತು ಮುಗಿದರೆ ಎರಡೂ ಮನೆಯ ಹಿರಿಯರು ಸಕ್ಕರೆ ತಿನ್ನುತ್ತಾರೆ. ತಿಂದ ಮೇಲೆ, ಕೈಯಲ್ಲಿ ಹಿಡಿದ ಮೇಲೂ ಅಷ್ಟೇ, ಯಾರೂ ಹಿಂದೆಗೆಯುವಂತಿಲ್ಲ. ಅವ್ವ ಸೆರಗು ಬಾಯಿಗಿಟ್ಟುಕೊಂಡು ನಗತೊಡಗಿದಳು.

ಮಹಮ್ಮದಗೌಸನ ಬಸ್ಸಿನಲ್ಲಿ ಸುದ್ದಿ ಹೋಯಿತು, ಸುದ್ದಿ ಬಂತು. ಅವನೇ ಅಪ್ಪನ ಮುಂದೆ ನಿಂತು, “ಒಬ್ಬ ತಾಯಿ ಮಗನ ಲಗ್ನಕ್ಕ ತಾಯತ ಬೇಡ್ಯಾಳ್ರಿ. ಹುಡುಗನ ಹೆಸರು ಮಾನಪ್ಪ ಅಂತ” ಎಂದ. ನಮ್ಮ ಜಾತಿಯಲ್ಲಿ ಮನೆಗೊಬ್ಬ ಮಾನಪ್ಪ ಇರುತ್ತಾನೆ. ಯಾವ ಮಾನಪ್ಪ ಎಂದು ಅಪ್ಪ ಕೇಳಲೂ ಇಲ್ಲ.

ಪುಷ್ಯಾರ್ಕದ ಮುಂಜಾನೆ ಅಪ್ಪ ಸ್ನಾನ ಮಾಡಿ, ಬಾಯಿ ತುಂಬ ನೀರು ತುಂಬಿಕೊಂಡು, ಕೆನ್ನೆ ಉಬ್ಬಿಸಿಕೊಂಡು ಪಡಸಾಲೆಯಲ್ಲಿ ಕೂತ. ನಾನು ಎದುರಿಗೆ ಕೂತು ಗೆರೆ ಎಳೆದುಕೊಟ್ಟೆ. ತ್ರಿಕೋನ ಮುಗಿದು ಎಸಳಿಗೆ ಬರುವಷ್ಟರಲ್ಲಿ ಬಾಗಿಲಲ್ಲಿ ಚಪ್ಪಲಿಯ ಸದ್ದಾಯಿತು. ಸರೋಜವ್ವ, ಕರಬಸಪ್ಪ, ಹಿಂದೆ ತಲೆ ತಗ್ಗಿಸಿಕೊಂಡು ಮಾನಪ್ಪ.

ಅಪ್ಪನ ಕಣ್ಣು ಅರಳಿದವು. ಮಾನಪ್ಪನನ್ನು ನೋಡಿದ, ತಗಡನ್ನು ನೋಡಿದ, ನನ್ನನ್ನು ನೋಡಿದ. ಎಲ್ಲ ತಿಳಿಯಿತು. ಮೂಗಿನಲ್ಲೇ ಗುರುಗುಟ್ಟಿದ. ಕೆನ್ನೆ ಕೆಂಪಗಾದವು, ಆದರೆ ನೀರು ಹೊರಬರಲಿಲ್ಲ. ತಗಡು ಕೆಡಿಸಿಕೊಳ್ಳುವ ಮನುಷ್ಯನೇ ಅಲ್ಲ ಅವನು.

“ಅವರು ಮೌನದಾಗ ಕುಂತಾರ್ರಿ” ಎಂದಳು ಅವ್ವ, ಏನೂ ಅರಿಯದವಳ ಹಾಗೆ. “ನೀವು ಮಾತಾಡ್ರಿ, ಅವರು ಕೇಳ್ತಾರ.”

ಕರಬಸಪ್ಪನಿಗೆ ಜನ್ಮದಲ್ಲಿ ಮೊದಲ ಸಲ ಅಪ್ಪನ ಎದುರು ಮಾತಾಡಲು ಸಿಕ್ಕಿತ್ತು. ಅವನು ಬಿಟ್ಟಾನೆಯೇ? ಹೊಲದಿಂದ ಶುರುಮಾಡಿ, ಮನೆದೇವರಿಗೆ ಹೋಗಿ, ತನ್ನ ಅಜ್ಜನ ಎತ್ತಿನ ಕಥೆಯನ್ನೂ ಸೇರಿಸಿದ. ಅಪ್ಪ ಉಳಿ ಹಿಡಿದು ತನ್ನ ಸಿಟ್ಟನ್ನೆಲ್ಲ ಎಸಳುಗಳ ಮೇಲೆ ತೀರಿಸುತ್ತಿದ್ದ. ಇಷ್ಟು ಬೇಗ ಆತ ಕೊರೆದದ್ದನ್ನು ನಾನು ಎಂದೂ ನೋಡಿರಲಿಲ್ಲ. ಯಾಕೆಂದು ನನಗೆ ಆಮೇಲೆ ಹೊಳೆಯಿತು. ಕೊನೆಯ ಅಕ್ಷರ ಮುಗಿದರೆ ಬಾಯಿಗೆ ಬಿಡುಗಡೆ.

“ನಮ್ಮ ಹುಡುಗನ ಕೈ ಇನ್ನೂ ಪಳಗಬೇಕ್ರಿ, ಅದನ್ನ ಒಪ್ಪತೇವಿ” ಎನ್ನುತ್ತಿದ್ದ ಕರಬಸಪ್ಪ. ಆಗ ಮಾನಪ್ಪನೇ ಮೊದಲ ಸಲ ಬಾಯಿಬಿಟ್ಟ. “ಗೆರಿ ಕಾಳವ್ವಾರ ಎಳೀಲಿ, ನಾ ಕೊರೀತೇನಿ. ನಿಮ್ಮ ತಾಯತದ ಕೆಲಸ ಇದ್ದಾಗ ಅವರನ್ನ ಇಲ್ಲಿಗೆ ನಾನ ಕರಕೊಂಡ ಬರ್ತೇನ್ರಿ.”

ಅಪ್ಪನ ಉಳಿ ಒಂದು ಗಳಿಗೆ ನಿಂತಿತು. ಮತ್ತೆ ನಡೆಯಿತು. ಮಾ ಆಯಿತು, ನ ಆಯಿತು. ಪ್ಪ ಕೂಡ ಆಯಿತು.

ನಾನೇ ಬರೆದ ಗೆರೆ. ಇನ್ನು ಕೊರೆಯುವುದು ಏನೂ ಉಳಿದಿಲ್ಲವೆಂದು ನನಗೆ ಗೊತ್ತಿತ್ತು. ಸಕ್ಕರೆಯ ತಾಟು ಇನ್ನೂ ಅವ್ವನ ಕೈಯಲ್ಲೇ ಇತ್ತು. ಈಗ ಎದ್ದು ಹಿತ್ತಲಿಗೆ ಹೋಗುತ್ತಾನೆ, ಉಗುಳುತ್ತಾನೆ, ಬಂದು ನಾಲಿಗೆ ಹರಿಬಿಡುತ್ತಾನೆ. ಮಾನಪ್ಪ ರಾಣೇಬೆನ್ನೂರಿನ ಪಾಲಾಗುತ್ತಾನೆ. ನನಗೆ ಅಳು ಬಂತು.

ಅಪ್ಪ ತಲೆಯೆತ್ತಿ ನನ್ನ ಮುಖವನ್ನೇ ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ತಲೆ ತಗ್ಗಿಸಿ, ಉಳಿಯನ್ನು ಮತ್ತೆ ಆ ಹೆಸರಿನ ಮೇಲೆ ತಂದು, ತಾಮ್ರಕ್ಕೆ ತಾಗಿಸದೆ ಮೆಲ್ಲಗೆ ಆಡಿಸತೊಡಗಿದ. ಕೆನ್ನೆ ಉಬ್ಬಿಕೊಂಡೇ ಇತ್ತು.

ಕರಬಸಪ್ಪ ಸಾವಕಾಶ ಮಾತು ಮುಗಿಸಿದ. ಸರೋಜವ್ವ ತಾಟಿನಿಂದ ಸಕ್ಕರೆ ತೆಗೆದುಕೊಂಡು ಅಪ್ಪನ ಮುಂದೆ ಬಂದಳು. “ಬೀಗರ, ಕೆಲಸ ಮುಗದ ಮ್ಯಾಲೆ ತಿನ್ನೂವಂತ್ರಿ, ಕೈಯಾಗರ ಹಿಡೀರಿ” ಎಂದಳು.

ಅಪ್ಪ ಉಳಿ ಕೆಳಗಿಟ್ಟ. ಬಾಯೊಳಗಿನ ನೀರನ್ನು ಗುಟುಕ್ಕನೆ ನುಂಗಿದ. ಅವ್ವ ಗಾಬರಿಯಾಗಿ ಕಣ್ಣು ಮುಚ್ಚಿಕೊಂಡಳು. ಅಪ್ಪ ಬಾಯಿ ತೆರೆದ, ಸಕ್ಕರೆ ಹಾಕಿಸಿಕೊಂಡ, ಮತ್ತೆ ಮುಚ್ಚಿಕೊಂಡ.