ಹರಿವಾಣದಲ್ಲಿ ಒಂಬತ್ತು ಹುಣಸೆ

ನಾನು ಒಂದು ಕಾಡು. ಹೀಗೆ ಹೇಳಿಕೊಂಡ ಕೂಡಲೇ ನನಗೇ ಅನುಮಾನ ಬರುತ್ತದೆ. ನನ್ನ ಅಗಲ ಎರಡೂವರೆ ಅಡಿ. ನನ್ನಲ್ಲಿ ಎಲ್ಲಕ್ಕಿಂತ ಎತ್ತರದ ಮರ ಒಂದೂವರೆ ಮೊಳ. ನನ್ನೊಳಗೆ ಹುಲಿಯಿಲ್ಲ, ಇರುವೆಗಳಿವೆ. ಒಮ್ಮೆ ಒಂದು ಓತಿಕೇತ ಬಂದು ಎರಡು ದಿನ ಇದ್ದು, ಸಾಲದು ಅನ್ನಿಸಿತೋ ಏನೋ, ಹೊರಟುಹೋಯಿತು. ನಾನು ಒಂದು ಜೀವವೋ ಒಂಬತ್ತು ಜೀವವೋ ಎಂಬುದು ಇಷ್ಟು ವರ್ಷವಾದರೂ ನನಗೆ ಬಗೆಹರಿದಿಲ್ಲ.

ಇಬ್ಬರು ಹೆಂಗಸರು ಸೇರಿ ನನ್ನನ್ನು ಮಾಡಿದರು. ಅದೇ ಇಬ್ಬರು ಒಂದು ದಿನ ನನ್ನನ್ನು ಪಾಲು ಮಾಡಿಕೊಳ್ಳಲು ಕುಳಿತರು. ಹೇಳಬೇಕಾದದ್ದು ಇಷ್ಟೇ. ಆದರೂ ಮೊದಲಿನಿಂದ ಹೇಳುತ್ತೇನೆ. ನಡುವಿನಿಂದ ಶುರು ಮಾಡಿದರೆ ನನಗೇ ದಾರಿ ತಪ್ಪುತ್ತದೆ.

ನನಗೆ ಒಂಬತ್ತು ಹುಟ್ಟು ನೆನಪಿದೆ. ತುಮಕೂರಿನಲ್ಲಿ ಪಾತ್ರೆ ಅಂಗಡಿ ಇಟ್ಟಿದ್ದ ಅಣ್ಣತಮ್ಮಂದಿರ ಮನೆ ಅದು. ಶಿವರಾತ್ರಿ ಕಳೆದ ಮೇಲೆ ಆ ಮನೆಯ ಓರಗಿತ್ತಿಯರಿಬ್ಬರೂ ಮಾಳಿಗೆಯ ಮೇಲೆ ಕುಳಿತು ವರ್ಷಕ್ಕಾಗುವಷ್ಟು ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತಿದ್ದರು. ಹಿರಿಯಾಕೆ ನೀಲಾಂಬಿಕೆ. ಕೈ ಇಟ್ಟರೆ ಒಣಗಿದ ಕಡ್ಡಿಯೂ ಚಿಗುರುತ್ತದೆ ಎಂದು ಬೀದಿಯವರು ಹೇಳುವಂಥ ಹೆಂಗಸು. ಕಿರಿಯಾಕೆ ಜಯಶೀಲ. ತೋಟಗಾರಿಕೆಯವರು ನಡೆಸಿದ ಮೂರು ದಿನದ ಬೋನ್ಸಾಯ್ ತರಬೇತಿಗೆ ಹೋಗಿ, ಒಂದು ಕತ್ತರಿಯನ್ನೂ ಒಂದು ನೋಟ್‌ಪುಸ್ತಕವನ್ನೂ ತಂದಿದ್ದವಳು.

"ಮರಾನ ಮಗು ಥರ ಚಿಕ್ಕದಾಗೇ ಇಟ್ಕೋಬಹುದು ಕಣಕ್ಕ" ಅಂದಳು ಜಯಶೀಲ.

"ಹಂಗೆ ಇಟ್ಕೊಳೋ ಉಪಾಯ ಇದ್ದಿದ್ರೆ ಮೊದ್ಲೇ ಹೇಳ್ಬಾರ್ದಿತ್ತೇನೆ, ನನ್ ಮಗನ್ನ ಇಟ್ಕೋತಿದ್ದೆ. ಈಗ ನೋಡು, ಬಾಗ್ಲಿಗೆ ತಲೆ ತಗಲುತ್ತೆ, ಒಂದು ಮಾತೂ ಕಿವಿಗೆ ತಗಲಲ್ಲ."

ಆ ನಗುವಿನ ನಡುವೆಯೇ ನಾಲ್ಕು ಹಿಡಿ ಬೀಜ ಬೇರೆಯಾಯಿತು. ನೀಲಾಂಬಿಕೆ ತನ್ನ ಪಾಲಿನದನ್ನು ಅಕ್ಕಿ ತೊಳೆದ ನೀರಿನಲ್ಲಿ ನೆನೆಹಾಕಿ ಎಣ್ಣೆಯ ಡಬ್ಬಗಳಲ್ಲಿ ಊರಿದಳು. ಜಯಶೀಲ ನೋಟ್‌ಪುಸ್ತಕದಲ್ಲಿದ್ದ ಹಾಗೆ ಬೆಚ್ಚಗಿನ ನೀರಿನಲ್ಲಿ ನೆನೆಸಿ ಹಾಲಿನ ಪ್ಯಾಕೆಟ್ಟುಗಳಲ್ಲಿ ಊರಿದಳು. ಇಲಿ ತಿಂದು, ಕೊಳೆತು, ಕೊನೆಗೆ ಡಬ್ಬದಲ್ಲಿ ಐದು, ಪ್ಯಾಕೆಟ್ಟಿನಲ್ಲಿ ನಾಲ್ಕು ಸಸಿ ಉಳಿದವು. ಆಗ ಆ ಲೆಕ್ಕ ಯಾರಿಗೂ ಮುಖ್ಯವಾಗಿರಲಿಲ್ಲ. ಮೂರು ವರ್ಷ ನಾನು ಹೀಗೆ ಒಂಬತ್ತು ಕಡೆ ಇದ್ದೆ. ಒಂದು ಕಡೆ ಬಿಸಿಲು ಹೆಚ್ಚು, ಒಂದು ಕಡೆ ನೆರಳು ಹೆಚ್ಚು. ಸಂಜೆಯಾದರೆ ಒಂಬತ್ತು ಕಡೆಯೂ ಎಲೆ ಮಡಚಿಕೊಳ್ಳುತ್ತಿದ್ದೆ. ಆಗ ನನಗೆ ಒಬ್ಬರಿಗೊಬ್ಬರ ಪರಿಚಯವಿರಲಿಲ್ಲ. ಈ ಮಾತು ವಿಚಿತ್ರವಾಗಿ ಕೇಳಿಸುತ್ತದೆ ಎಂದು ಗೊತ್ತು. ಬೇರೆ ರೀತಿ ಹೇಳಲು ನನಗೆ ಬರುವುದಿಲ್ಲ.

ನಾಲ್ಕನೆಯ ವರ್ಷ ಅಂಗಡಿಯಲ್ಲಿ ಅಂಚು ನೆಗ್ಗಿ ಮಾರಾಟವಾಗದೆ ಉಳಿದ ಒಂದು ಅಲ್ಯೂಮಿನಿಯಂ ಹರಿವಾಣ ಮಾಳಿಗೆಗೆ ಬಂತು. ಮದುವೆ ಮನೆಗಳಲ್ಲಿ ಅನ್ನ ಹರವುತ್ತಾರಲ್ಲ, ಅಂಥ ಅಗಲವಾದದ್ದು. ಮೊಳೆ ಹೊಡೆದು ತಳಕ್ಕೆ ತೂತು ಮಾಡಿದರು. ಇಟ್ಟಿಗೆ ಚೂರು, ಕೆಮ್ಮಣ್ಣು, ಹಳೆಯ ಗೊಬ್ಬರ ಜರಡಿ ಹಿಡಿದು ಹಾಕಿದರು. ಆಮೇಲೆ ಸಸಿಗಳನ್ನು ಕಿತ್ತು ಬೇರುಗಳನ್ನು ಅರ್ಧಕ್ಕರ್ಧ ಕತ್ತರಿಸಿದರು. ಕತ್ತರಿಸಿದ ಕೈಯೇ ಮೆತ್ತಗೆ ಮಣ್ಣು ಒತ್ತಿ ನೀರು ಚಿಮುಕಿಸಿತು. ಇದು ಶಿಕ್ಷೆಯೋ ಉಪಚಾರವೋ ನನಗೆ ತಿಳಿಯಲಿಲ್ಲ.

ಮೊದಲ ಸಲ ನೆಟ್ಟವಳು ನೀಲಾಂಬಿಕೆ. ಬದನೆ ಸಸಿ ನೆಟ್ಟು ಅಭ್ಯಾಸವಾದ ಕೈ. ಗೇಣಿಗೊಂದರಂತೆ ಮೂರು ಸಾಲು, ಸಾಲಿಗೆ ಮೂರು, ನೇರವಾಗಿ ನೆಟ್ಟು ಸೊಂಟದ ಮೇಲೆ ಕೈಯಿಟ್ಟು ನಿಂತಳು.

ಜಯಶೀಲ ಬಂದು ನೋಡಿದಳು. "ಏನಕ್ಕ ಇದು, ಸ್ಕೂಲಲ್ಲಿ ಪ್ರಾರ್ಥನೆಗೆ ನಿಂತಂಗದೆ."

"ನೀಟಾಗಿದೆಯಲ್ಲೇ."

"ಕಾಡು ನೀಟಾಗಿರುತ್ತಾ? ದೊಡ್ಡದು ನಡುವೆ ಬರಬಾರ್ದು, ಒಂಚೂರು ಪಕ್ಕಕ್ಕಿರಬೇಕು. ಚಿಕ್ಕವು ಅಂಚಿಗೆ. ಮೂರು ಮರ ಒಂದೇ ಗೆರೇಲಿ ನಿಲ್ಲಬಾರ್ದು. ಎದುರಿಂದ ನೋಡಿದ್ರೆ ಒಂದರ ಹಿಂದೆ ಒಂದು ಬಚ್ಚಿಟ್ಕೋಬಾರ್ದು. ಲೆಕ್ಕ ಯಾವತ್ತೂ ಬೆಸ ಇರಬೇಕು."

"ಇಷ್ಟೊಂದು ಕಾನೂನು ಇದ್ಮೇಲೆ ಅದು ಕಾಡಲ್ಲ, ತಾಲ್ಲೂಕು ಕಚೇರಿ."

ಬೈದುಕೊಂಡೇ ಎಲ್ಲವನ್ನೂ ಕಿತ್ತು ಮತ್ತೆ ನೆಟ್ಟಳು. ಒಂದನ್ನು ಹಿಂದಕ್ಕೆ, ಎರಡನ್ನು ಒತ್ತಾಗಿ, ಅಂಚಿನ ಪುಟ್ಟದನ್ನು ಹೊರಗೆ ಬಾಗಿಸಿ. ಡಬ್ಬದವು ಯಾವುವು, ಪ್ಯಾಕೆಟ್ಟಿನವು ಯಾವುವು ಎಂಬುದು ಆ ಗಡಿಬಿಡಿಯಲ್ಲೇ ಕಲೆತುಹೋಯಿತು. ಬಚ್ಚಲ ಗೋಡೆಯಿಂದ ಹಸಿರು ಪಾಚಿ ಹೆರೆದು ತಂದು ಮಣ್ಣಿಗೆ ಹೊದಿಸಿದರು. ಇಬ್ಬರೂ ನೆಲಕ್ಕೆ ಗಲ್ಲ ತಾಗಿಸಿ ನನ್ನನ್ನು ನೋಡಿದರು. ಅಷ್ಟು ದಿನ ಅವರ ಸೀರೆಯ ನಿರಿಗೆಯನ್ನೂ ಗಲ್ಲದ ತಳವನ್ನೂ ಮಾತ್ರ ಕಂಡಿದ್ದ ನಾನು ಮೊದಲ ಬಾರಿಗೆ ಅವರ ಕಣ್ಣು ಕಂಡೆ.

"ಒಳಗೆ ದಾರಿ ಹೋದಂಗೆ ಕಾಣುತ್ತೆ ಕಣೆ" ಅಂದಳು ನೀಲಾಂಬಿಕೆ, ದನಿ ತಗ್ಗಿಸಿ.

ಅಲ್ಲಿಂದ ಹನ್ನೊಂದು ವರ್ಷ ನನ್ನನ್ನು ತಿದ್ದುತ್ತಲೇ ಇದ್ದರು. ಚಿಗುರು ಎರಡು ಎಲೆ ಬಿಟ್ಟರೆ ಚಿವುಟುವರು. ಕೆಳಗಿನ ಕೊಂಬೆ ತೆಗೆಯುವರು. ತಾಮ್ರದ ತಂತಿ ಸುತ್ತಿ ಬಾಗಿಸುವರು, ಬಾಗಿದ ಮೇಲೆ ತಂತಿ ಬಿಚ್ಚುವರು. ಎರಡು ವರ್ಷಕ್ಕೊಮ್ಮೆ ಅಂಚಿನ ಬೇರು ಸವರುವರು. ವರ್ಷ ಹೋದಂತೆ ನನಗೆ ವಯಸ್ಸಾಯಿತು, ಎಲೆಗಳು ಮಾತ್ರ ಚಿಕ್ಕವಾಗುತ್ತ ಬಂದವು. ದೊಡ್ಡವನಾಗುತ್ತಿದ್ದೆನೋ ಸಣ್ಣವನಾಗುತ್ತಿದ್ದೆನೋ ಹೇಳಲಾರೆ. ಅಡುಗೆ, ಅಂಗಡಿ, ಮಕ್ಕಳು ಎಲ್ಲ ಮುಗಿದ ಮೇಲೆ ಸಂಜೆ ಅರ್ಧ ಗಂಟೆ ಇಬ್ಬರೂ ನನ್ನ ಮುಂದೆ ಕೂರುತ್ತಿದ್ದರು. ಆ ಮನೆಯಲ್ಲಿ ಅವರಿಬ್ಬರೇ ಬೇಕೆಂದು ಮಾಡಿಕೊಂಡ ವಸ್ತು ನಾನೊಬ್ಬನೇ ಇದ್ದೆ.

ಆಮೇಲೆ ಅಂಗಡಿಯಲ್ಲಿ ಜಗಳ ಹುಟ್ಟಿತು. ತಮ್ಮ ಪ್ಲಾಸ್ಟಿಕ್ ಬಕೆಟ್ಟು ತರಿಸೋಣ ಅಂದ. ಹಿತ್ತಾಳೆ ಮಾರಿದ ಅಂಗಡಿಯಲ್ಲಿ ಪ್ಲಾಸ್ಟಿಕ್ ಇಡುವುದಿಲ್ಲ ಎಂದು ಅಣ್ಣ ಅಂದ. ಬಕೆಟ್ಟಿನಿಂದ ಶುರುವಾದದ್ದು ಹಳೆಯದೆಲ್ಲವನ್ನೂ ಮೇಲಕ್ಕೆತ್ತಿತು. ಹೆಂಗಸರು ತಂತಮ್ಮ ಗಂಡಂದಿರ ಕಡೆ ನಿಂತರು. ಒಂದು ದಿನ ನನ್ನ ಎದುರಿಗೇ ಜಯಶೀಲ, "ಭಾವನೋರಿಗೆ ಯಾರೂ ಮುಂದೆ ಬರೋದು ಸೇರಲ್ಲ" ಅಂದಳು. ನೀಲಾಂಬಿಕೆ, "ಮುಂದೆ ಬಂದು ಎದೆ ಮೇಲೆ ಕೂತ್ರೆ ಯಾರಿಗೆ ಸೇರುತ್ತೆ" ಅಂದಳು. ಅಲ್ಲಿಗೆ ಮಾತು ನಿಂತಿತು.

ಮಾತು ನಿಂತದ್ದು ನನಗೆ ನೀರಿನಿಂದ ಗೊತ್ತಾಯಿತು. ಒಬ್ಬಳು ಬೆಳಗ್ಗೆ ಬಂದು ಹಾಕುವಳು. ಅವಳು ಹಾಕಿದ್ದು ತಿಳಿಯದೆ ಇನ್ನೊಬ್ಬಳು ಸಂಜೆ ಬಂದು ಹಾಕುವಳು. ಇಬ್ಬರಿಗೂ ಅಕ್ಕರೆಯೇ. ನನ್ನ ಬೇರು ಉಸಿರುಕಟ್ಟಿ ಎಲೆಗಳು ಹಳದಿಯಾದವು. ಹಳದಿಯಾದದ್ದು ನೋಡಿ ಇಬ್ಬರೂ ಇನ್ನೊಂದು ಚೊಂಬು ಹೆಚ್ಚಿಗೆ ಹಾಕಿದರು.

ಮನೆ ಪಾಲಿಗೆ ಗುರುಸಿದ್ದಪ್ಪನವರು ಬಂದರು. ಅದೇ ಬೀದಿಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಹಿರಿಯರು. ಅಂಗಡಿ, ಕೋಣೆ, ಕಡಾಯಿ, ಮಂಚ ಎಲ್ಲ ಆಯಿತು. ತಮ್ಮನ ಸಂಸಾರ ಮುಂದಿನ ತಿಂಗಳು ಹೊಸ ಬಡಾವಣೆಯ ಮನೆಗೆ ಹೋಗುವುದೆಂದಾಯಿತು. ಕೊನೆಗೆ ಮಾಳಿಗೆಗೆ ಬಂದು ನನ್ನನ್ನು ನೋಡಿ, "ಇದ್ಯಾರ ಪಾಲಿಗೆ?" ಅಂದರು.

"ನಂಗೆ" ಅಂದರು ಇಬ್ಬರೂ.

"ಹುಣಸೆ ಮರದಲ್ಲಿ ದೆವ್ವ ಇರುತ್ತೆ ಅಂತಾರೆ. ಇದನ್ನ ಹಂಚೋದಾದ್ರೆ ದೆವ್ವಾನೂ ಹಂಚಬೇಕಾಗುತ್ತೆ, ಯೋಚ್ನೆ ಮಾಡಿ" ಅಂತ ನಕ್ಕರು. ಬೇರೆ ಯಾರೂ ನಗಲಿಲ್ಲ. "ಸರಿ. ಯಾರು ಎಷ್ಟು ಬೆಳೆಸಿದ್ರಿ?"

"ಐದು ನಂದು, ನಾಲ್ಕು ಅವಳದು" ಅಂದಳು ನೀಲಾಂಬಿಕೆ.

"ಹಂಗಾದ್ರೆ ಜಗಳ ಏನ್ ಬಂತು? ಅವರವರದು ಅವರವರು ಕಿತ್ಕೊಳ್ಳಿ."

ಕಡಾಯಿ ಹಂಚಿದಷ್ಟೇ ಸಲೀಸಾಗಿ ಹೇಳಿ ಅವರು ಕಾಫಿ ಕುಡಿಯಲು ಇಳಿದುಹೋದರು. ತಪ್ಪು ಅವರದಲ್ಲ. ಮೇಲಿನಿಂದ ನೋಡಿದವರಿಗೆ ನಾನು ಒಂಬತ್ತೇ.

ಮಾರನೆಯ ಬೆಳಗ್ಗೆ ಇಬ್ಬರೂ ಬಂದು ನನ್ನ ಎರಡು ಪಕ್ಕ ಕುಳಿತರು. ಹರಿವಾಣದಿಂದ ನನ್ನನ್ನು ಎತ್ತಿದರು. ದೋಸೆ ಎದ್ದ ಹಾಗೆ ನಾನು ಇಡಿಯಾಗಿ ಎದ್ದುಬಂದೆ.

"ದೊಡ್ಡದು ನಂದು" ಅಂದಳು ನೀಲಾಂಬಿಕೆ.

"ದೊಡ್ಡದು ಪ್ಯಾಕೆಟ್ಟಿಂದು. ಬುಡದಲ್ಲಿ ಸೊಟ್ಟ ಇದೆ ನೋಡಿ, ಪ್ಯಾಕೆಟ್ಟು ವಾಲಿತ್ತಲ್ಲ, ಅದಕ್ಕೆ."

"ಡಬ್ಬಾನೂ ವಾಲಿತ್ತು."

"ಹೋಗ್ಲಿ, ಅಂಚಿನ ಚಿಕ್ಕದು ನಂದು."

"ಚಿಕ್ಕದನ್ನ ಬಾಗಿಸಿ ನೆಟ್ಟವಳು ನಾನು ಕಣೆ."

"ನೆಟ್ಟವರು ನೀವು ಅಂದ್ರೆ ಒಂಬತ್ತೂ ನೀವೇ ನೆಟ್ಟಿದ್ದು. ಎಲ್ಲಿ ನೆಡಬೇಕು ಅಂದವಳು ನಾನು."

ಬೇರು ಹಿಡಿದು ಹೋದರೆ ಗೊತ್ತಾಗಬಹುದೆಂದು ಜಯಶೀಲ ನೀರು ಬಿಟ್ಟು ಮಣ್ಣು ತೊಳೆದಳು. ನಾನು ಬತ್ತಲಾದೆ. ದೊಡ್ಡ ಮರದ ಬೇರೊಂದನ್ನು ಬೆರಳಲ್ಲಿ ಹಿಡಿದು ನೀಲಾಂಬಿಕೆ ಹೊರಟಳು. ಅದು ಪಕ್ಕದ ಮರದ ಕೆಳಗೆ ನುಗ್ಗಿ, ಇನ್ನೊಂದನ್ನು ಸುತ್ತಿ, ಚಿಕ್ಕದರ ಬುಡದಲ್ಲಿ ಅದರದೇ ಬೇರಾಗಿ ಅಂಟಿಕೊಂಡಿತ್ತು. ಜಯಶೀಲ ಇನ್ನೊಂದು ಕಡೆಯಿಂದ ಹೊರಟಳು. ಇಬ್ಬರ ಬೆರಳೂ ಒಂದೇ ಗಂಟಿನ ಹತ್ತಿರ ಬಂದು ನಿಂತವು. ನಾನೂ ಅವರ ಜೊತೆಯಲ್ಲೇ ಹುಡುಕುತ್ತಿದ್ದೆ. ಯಾವುದು ಎಲ್ಲಿ ಮುಗಿಯಿತು ಎಂದು ನನಗೂ ತೋಚಲಿಲ್ಲ.

"ಇದೇ ಇರಬೇಕು ಗಡಿ" ಅಂತ ಜಯಶೀಲ ಒಂದು ದಪ್ಪ ಬೇರನ್ನು ತೋರಿಸಿದಳು. ನೀಲಾಂಬಿಕೆ ಕತ್ತರಿ ಹಾಕಿದಳು. ಕಟ್ ಅಂದಿತು. ಅದು ಗಡಿಯಾಗಿರಲಿಲ್ಲ. ದೊಡ್ಡ ಮರ ಒಮ್ಮೆ ಅಲ್ಲಾಡಿತು. ನೀಲಾಂಬಿಕೆ ಕತ್ತರಿ ಕೆಳಗಿಟ್ಟಳು.

ಅಷ್ಟರಲ್ಲಿ ಬಿಸಿಲು ಏರಿತ್ತು. ಬತ್ತಲೆ ಬೇರಿನ ಮೇಲೆ ಬಿಸಿಲು ಬಿದ್ದರೆ ಏನಾಗುತ್ತದೆಂದು ಇಬ್ಬರಿಗೂ ಗೊತ್ತು. "ಅಕ್ಕ, ಮೊದ್ಲು ಒದ್ದೆ ಬಟ್ಟೆ" ಅಂದಳು ಜಯಶೀಲ. ಎಷ್ಟೋ ತಿಂಗಳ ಮೇಲೆ ಅಕ್ಕ ಅಂದಿದ್ದಳು. ನೀಲಾಂಬಿಕೆ ಒಣಹಾಕಿದ್ದ ಸೀರೆಯೊಂದನ್ನು ಎಳೆದು ನೀರಲ್ಲಿ ಅದ್ದಿ ಸುತ್ತಿದಳು. ಹೇಗೋ ಹೊಸ ಮಣ್ಣು ಕಲೆಸಿ ನನ್ನನ್ನು ವಾಪಸ್ಸು ಹರಿವಾಣಕ್ಕೆ ಹಾಕಿದರು. ಅವಸರದಲ್ಲಿ ನನ್ನ ಮುಂಭಾಗ ಗೋಡೆಯ ಕಡೆಗಾಯಿತು.

ಇಪ್ಪತ್ತು ದಿನ ಬಿಟ್ಟು ದೊಡ್ಡ ಮರ ಒಣಗಿತು. ಸಾಯುವುದು ಹೇಗಿರುತ್ತದೆ ಎಂದು ಕೇಳಬೇಡಿ. ಸತ್ತದ್ದೂ ನಾನೇ, ಪಕ್ಕದಲ್ಲಿ ನಿಂತು ನೋಡಿದವನೂ ನಾನೇ. ನೀಲಾಂಬಿಕೆ ಉಗುರಿನಿಂದ ತೊಗಟೆ ಕೆರೆದು ನೋಡಿದಳು. ಹಸಿರಿರಲಿಲ್ಲ.

"ನನ್ ಮರ ಹೋಯ್ತು" ಅಂದಳು.

"ನಿಮ್ಮದಲ್ಲ. ಹೋಗಿದ್ದು ನಂದು. ಗಡಿ ಅಂತ ತೋರಿಸಿದವಳು ನಾನು."

"ಕತ್ತರಿ ಹಾಕಿದವಳು ನಾನು. ನನ್ ಮರಕ್ಕೇ ಹಾಕಿಕೊಂಡಿದ್ದು ಬಿಡು."

"ಪ್ಯಾಕೆಟ್ಟಿಂದು ಅಂತ ಅವತ್ತೇ ಹೇಳ್ಲಿಲ್ವಾ ನಾನು?"

ನನಗೆ ಏನೂ ಅರ್ಥವಾಗಲಿಲ್ಲ. ಬದುಕಿದ್ದಾಗ ನನ್ನದು ಎಂದು ಇಬ್ಬರೂ ಎಳೆದಾಡಿದರು, ಸರಿ. ಸತ್ತ ಮೇಲೂ ನನ್ನದು ಎಂದು ಎಳೆದಾಡುವುದೇತಕ್ಕೆ? ಜಯಶೀಲ ಅಳುತ್ತಿದ್ದಳು. ನೀಲಾಂಬಿಕೆ ಅಳಲಿಲ್ಲ, ಪಾಚಿಗೆ ನೀರು ಚಿಮುಕಿಸುತ್ತಿದ್ದಳು.

ಮನೆ ಬಿಡುವ ದಿನ ಗುರುಸಿದ್ದಪ್ಪನವರು ಮತ್ತೆ ಬಂದರು. "ಎಂಟು ಉಳಿದಾವಂತೆ. ನಾಲ್ಕು ನಾಲ್ಕು, ಇನ್ನೂ ಸಲೀಸಾಯ್ತು."

"ಒಂಬತ್ತಿದಾವೆ" ಅಂದಳು ನೀಲಾಂಬಿಕೆ.

"ಒಂದು ಒಣಗಿದೆಯಲ್ಲಮ್ಮ."

"ಒಣಗಿದ್ರೂ ನಿಂತಿದೆಯಲ್ಲ. ಕಾಡಲ್ಲಿ ಒಣಗಿದ ಮರ ಇರಲ್ವಾ?"

ಜಯಶೀಲ ಆಗಲೇ ಸತ್ತ ಮರದ ತೊಗಟೆ ಸುಲಿದು, ಬಿಳಿಯ ಕಟ್ಟಿಗೆಯನ್ನು ಉಜ್ಜಿ ನುಣುಪು ಮಾಡಿ, ಕೊಳೆಯದ ಹಾಗೆ ಮದ್ದು ಸವರಿದ್ದಳು. ಅವಳ ನೋಟ್‌ಪುಸ್ತಕದಲ್ಲಿ ಅದಕ್ಕೂ ಒಂದು ಪುಟವಿತ್ತಂತೆ. "ಪಾಲು ಬೇಡ" ಅಂದಳು. "ಯುಗಾದಿಯಿಂದ ದಸರಾವರೆಗೆ ಅಕ್ಕನ ಹತ್ರ ಇರಲಿ. ಆಮೇಲೆ ನನ್ನ ಹತ್ರ."

"ಅಪ್ಪ ಅಮ್ಮನ್ನ ಹಂಚ್ಕೊಂಡಂಗಾಯ್ತು" ಅಂತ ಗೊಣಗುತ್ತ ಗುರುಸಿದ್ದಪ್ಪನವರು ಒಪ್ಪಿದರು.

ಅಂದಿನಿಂದ ನನಗೆ ಎರಡು ಮನೆ. ಹಳೆಯ ಮಾಳಿಗೆಯಲ್ಲಿ ಬೆಳಗಿನ ಬಿಸಿಲು, ಹೊಸ ಬಡಾವಣೆಯ ಪೋರ್ಟಿಕೋದಲ್ಲಿ ಸಂಜೆಯ ಬಿಸಿಲು. ಆರು ತಿಂಗಳು ಈ ಕಡೆಗೆ ವಾಲುತ್ತೇನೆ, ಆರು ತಿಂಗಳು ಆ ಕಡೆಗೆ. ಹಳೆಯ ಮನೆಯಲ್ಲಿ ನನ್ನ ಮುಂಭಾಗ ಯಾವುದೋ, ಹೊಸ ಮನೆಯಲ್ಲಿ ಅದು ಬೆನ್ನು. ನೀಲಾಂಬಿಕೆ ಒಂದು ಕೊಂಬೆ ಉಳಿಸಿದರೆ ಜಯಶೀಲ ಅದನ್ನು ತೆಗೆಯುತ್ತಾಳೆ. ನೋಡಲು ಬಂದವರು ಬಿಳಿಯ ಒಣಮರವನ್ನು ತೋರಿಸಿ ಯಾಕೆ ಕಿತ್ತುಹಾಕಿಲ್ಲ ಅನ್ನುತ್ತಾರೆ. ಒಂದು ಮನೆಯಲ್ಲಿ "ಅದು ನಂದು, ಇರಲಿ" ಎಂಬ ಉತ್ತರ ಕೇಳುತ್ತೇನೆ. ಇನ್ನೊಂದು ಮನೆಗೆ ಹೋದರೆ ಅದೇ ಉತ್ತರ, ಬೇರೆ ದನಿಯಲ್ಲಿ.

ಈಗ ನನಗೆ ಮೂವತ್ತು ದಾಟಿದೆ. ತೊಗಟೆ ಮೊಸಳೆಯ ಚರ್ಮದಂತೆ ಬಿರಿದಿದೆ. ಅವರಿಬ್ಬರ ತಲೆಯೂ ಬೆಳ್ಳಗಾಗಿದೆ. ಅಣ್ಣತಮ್ಮಂದಿರು ಇಂದಿಗೂ ಮಾತಾಡುವುದಿಲ್ಲ. ಯಾರು ಸರಿ ಎಂದು ನಾನು ಹೇಳಲಾರೆ. ನಾನು ಎಷ್ಟು ಎಂಬುದೇ ನನಗೆ ಗೊತ್ತಿಲ್ಲದಿರುವಾಗ ಬೇರೆಯವರ ವಿಚಾರ ನಾನೇನು ಹೇಳಲಿ?

ಈ ದಸರಾ ಕಳೆದ ಮೇಲೂ ಆಟೋ ಬಂತು. ಒದ್ದೆ ಮಣ್ಣಿನ ಹರಿವಾಣ ಒಬ್ಬರಿಗೆ ಎತ್ತಲು ಆಗದು. ಒಬ್ಬರ ತೊಡೆಯ ಮೇಲೆ ನಿಲ್ಲದು. ಹಾಗಾಗಿ ವರ್ಷಕ್ಕೆ ಎರಡು ಸಲ ಇಬ್ಬರೂ ಅಕ್ಕಪಕ್ಕ ಕೂರಲೇಬೇಕು. ನನ್ನ ಒಂದು ಅಂಚು ನೀಲಾಂಬಿಕೆಯ ಮಡಿಲಲ್ಲಿ, ಇನ್ನೊಂದು ಅಂಚು ಜಯಶೀಲಳ ಮಡಿಲಲ್ಲಿ.

ಆಟೋದವನು ಕನ್ನಡಿಯಲ್ಲಿ ನೋಡಿ, "ಚೆನ್ನಾಗಿದೆ ಕಣಮ್ಮ. ಯಾರದು ಇದು?" ಅಂದ.

ನಾನೂ ಕಾದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

"ಮುಂದೆ ಹಂಪ್ ಇದೆ, ನೋಡ್ಕೊಂಡು ಓಡ್ಸಪ್ಪ" ಅಂದಳು ನೀಲಾಂಬಿಕೆ.

ಹಂಪ್ ಬಂತು. ನಾಲ್ಕು ಕೈಗಳು ಒಟ್ಟಿಗೆ ನನ್ನನ್ನು ಹಿಡಿದುಕೊಂಡವು.