ಮುಚ್ಚಿದ ಕಿಟಕಿಯ ವಾರ್ಡು

ದರ್ಜಿಯ ತಾಯಿ ಬಚ್ಚಲಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡರು. ದೊಡ್ಡಾಸ್ಪತ್ರೆಗೆ ಸೇರಿಸಿದರು. ಆಪರೇಷನ್ ಚೆನ್ನಾಗಿಯೇ ಆಯಿತು. "ಮನೆಗೆ ಹೋದ್ಮೇಲೆ ಮಷೀನು ನಾನು ತುಳೀತೀನಿ, ನೀನು ಗುಂಡಿ ಹಾಕು" ಎಂದು ಮಗನನ್ನು ಛೇಡಿಸುವಷ್ಟು ಗಟ್ಟಿಯಾಗಿದ್ದರು.

ವಾರ್ಡಿನ ಕಿಟಕಿಗಳೆಲ್ಲ ಮುಚ್ಚಿದ್ದವು. ಕರೆಂಟು ಹೋದಾಗಲೆಲ್ಲ ಕೆಳಗಿನ ಜನರೇಟರು ಹೊಗೆ ಕಾರುತ್ತಿತ್ತು. ಅದಕ್ಕೆಂದು ಯಾರೋ ಚಿಲಕ ಹಾಕಿದ್ದರು, ಆಮೇಲೆ ಯಾರೂ ತೆಗೆಯಲಿಲ್ಲ. ಮಂಚದ ಸುತ್ತ ನೆಂಟರು. ಮೂಲೆಯಲ್ಲಿ ಸೊಳ್ಳೆಬತ್ತಿ.

ನರ್ಸು ಬಂದು, "ಈಗ ಹೊಗೆಯಿಲ್ಲ, ಕಿಟಕಿ ತೆಗೀರಪ್ಪ. ಒಬ್ಬರೇ ಇರಿ. ಆ ಬತ್ತಿ ಆರಿಸಿ" ಎಂದರು.

"ಅಮ್ಮನಿಗೆ ಶೀತ ಆಗುತ್ತೆ ಸಿಸ್ಟರ್. ಇಷ್ಟು ಫಿನಾಯಿಲ್ ಹಾಕ್ತೀರ, ಇಲ್ಲಿಗಿಂತ ಚೊಕ್ಕ ಗಾಳಿ ಎಲ್ಲಿದೆ?" ಎಂದ ದರ್ಜಿ.

"ಫಿನಾಯಿಲು ನೆಲಕ್ಕೆ, ಗಾಳಿಗಲ್ಲ. ಮುಚ್ಚಿದ ಕೋಣೇಲಿ ಒಬ್ಬರು ಕೆಮ್ಮಿದ್ದು ಎಲ್ಲರ ಎದೆಗೂ ಹೋಗುತ್ತೆ. ಚಳಿಯಾದ್ರೆ ಕಂಬಳಿ ಹೊದಿಸಿ."

ದರ್ಜಿಯ ಹೆಂಡತಿ ಕಿಟಕಿ ತೆಗೆದಳು. ನರ್ಸು ಆಚೆ ಹೋಗುತ್ತಲೇ ಅವನು ಮುಚ್ಚಿದ.

ಸಂಜೆ ಅವನ ತಮ್ಮ ಕೆಮ್ಮುತ್ತಲೇ ಬಂದು ಅಮ್ಮನ ಪಕ್ಕ ಕೂತ.

"ಬಾಯಿಗೆ ಬಟ್ಟೆಯಾದ್ರೂ ಕಟ್ಕೊಳಪ್ಪ" ಎಂದಳು ಅತ್ತಿಗೆ.

"ಸುಮ್ನಿರೇ, ಮನೆಯೋರ ಕೆಮ್ಮು ಏನು ಮಾಡುತ್ತೆ?" ಎಂದು ದರ್ಜಿ ರೇಗಿದ.

ವಾರದೊಳಗೆ ಅಮ್ಮನಿಗೆ ಜ್ವರ ಬಂತು. ಉಸಿರಿಗೆ ಒದ್ದಾಡತೊಡಗಿದರು.

"ಕಾಲು ಮುರಿದೋರಿಗೆ ಎದೆ ರೋಗ ಹೇಗೆ ಬಂತು ಸಾರ್?" ಎಂದು ದರ್ಜಿ ಕೇಳಿದ.

"ನ್ಯುಮೋನಿಯಾ. ಯಾರಿಂದ ತಗುಲ್ತು ಅಂತ ಹೇಳೋಕಾಗಲ್ಲ" ಎಂದರು ಡಾಕ್ಟರು. "ಹಾಸಿಗೆ ಹಿಡಿದೋರಿಗೆ ಬೇಗ ಅಂಟುತ್ತೆ. ಇಲ್ಲಿ ಗಾಳಿಯೇ ಆಡಲ್ಲ."

"ಗೊತ್ತಿದ್ದೂ ನೀವ್ಯಾಕೆ ಸುಮ್ನಿದ್ರಿ?"

ಅಮ್ಮ ಉಳಿಯಲಿಲ್ಲ.

ತಿಥಿ ಮುಗಿದ ಮೇಲೆ ದರ್ಜಿ ವಾರ್ಡಿನ ಜನರನ್ನು ಕಟ್ಟಿಕೊಂಡು ಆಸ್ಪತ್ರೆಯ ಮುಖ್ಯಸ್ಥರ ಬಳಿ ಹೋದ. "ಜನರೇಟರ್ ಜಾಗ ಬದಲಿಸಿ ಅಂತ ಇದುವರೆಗೆ ಯಾರೂ ಕೇಳೇ ಇಲ್ವಲ್ಲ!" ಎಂದರು ಅವರು. ದರ್ಜಿಯೂ ಆ ಜನರೂ ದಿನಾ ಅವರ ಬಾಗಿಲಲ್ಲಿ ಹೋಗಿ ಕೂತರು. ಕೊನೆಗೂ ಜನರೇಟರು ಹಿತ್ತಿಲಿಗೆ ಹೋಯಿತು, ಕಿಟಕಿಗಳು ತೆರೆದವು. ಅಮ್ಮನ ಮಂಚದಲ್ಲಿ ಈಗ ಇನ್ಯಾರದೋ ತಾಯಿ ಸಲೀಸಾಗಿ ಉಸಿರಾಡುತ್ತಿದ್ದಾರೆ. ದರ್ಜಿ ಆ ಕಡೆ ತಲೆ ಹಾಕುವುದಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ಕೆಮ್ಮಿದ್ದರೆ ರೋಗಿಯನ್ನು ನೋಡಲು ಹೋಗಬೇಡಿ, ಫೋನಿನಲ್ಲೇ ಮಾತಾಡಿಸಿ. ವಾರ್ಡಿನಲ್ಲಿ ಗುಂಪು ಕೂಡಬೇಡಿ. ಬತ್ತಿ ಬೇಡ, ಸೊಳ್ಳೆಪರದೆ ಕಟ್ಟಿ. ಗಾಳಿಯಾಡದಿದ್ದರೆ, ಹೊಗೆ ಬಂದರೆ ನರ್ಸನ್ನು ಕೇಳಿ, ಡಾಕ್ಟರನ್ನು ಕೇಳಿ, ಅವರ ಮೇಲಿನವರನ್ನೂ ಕೇಳಿ. ರೋಗಿ ಬದುಕಿರುವಾಗಲೇ ಕೇಳಿ. ಹೆಣ ಹೊತ್ತು ತಂದ ಮೇಲೆ ಕೇಳಿದರೆ ಅವರು ಕೈಮುಗಿಯುತ್ತಾರೆ, ನಾವು ಅಳುತ್ತೇವೆ.