ರಂಗನ ಹೆಬ್ಬೆರಳಿನ ಗುರುತು

ನಾನು ಒಂದು ಮಡಕೆ. ಈಗ ನನ್ನನ್ನು ನೋಡಿದವರು ಈ ಮಾತನ್ನು ನಂಬಲಿಕ್ಕಿಲ್ಲ. ಅದರ ಕಥೆ ಆಮೇಲೆ. ನನ್ನನ್ನು ಮಾಡಿದವನು ನರಸೀಪುರದ ಕಡೆಯ ರಂಗಶೆಟ್ಟಿ. ಮಣ್ಣು ತುಳಿಯುವಾಗಲೂ ಹರಟೆ, ಚಕ್ರ ತಿರುಗಿಸುವಾಗಲೂ ಹರಟೆ. ಆ ಭರದಲ್ಲೇ ನನ್ನ ಹಸಿ ಕತ್ತಿನ ಮೇಲೆ ಅವನ ಹೆಬ್ಬೆರಳು ಒತ್ತಿಬಿಟ್ಟಿತು. ಅಳಿಸಲು ಹೋದವನನ್ನು ಅವನ ಅಕ್ಕ ದೇವೀರಮ್ಮ ತಡೆದಳು. ಗುರುತು ಹಾಗೇ ಇರಲಿ, ಈ ಮಡಕೆ ನನಗೇ ಇರಲಿ ಎಂದಳು. ಬೆಂಕಿಯಲ್ಲಿ ಬೆಂದು ನಾನೂ ಗಟ್ಟಿಯಾದೆ, ಗುರುತೂ ಗಟ್ಟಿಯಾಯಿತು.

ದೇವೀರಮ್ಮ ಮೈಸೂರಿನ ಆಸ್ಪತ್ರೆಯೊಂದರಲ್ಲಿ ನರ್ಸು. ಮದುವೆಯಾಗಲಿಲ್ಲ, ಒಂಟಿ ಮನೆಗೆ ಜೊತೆಯೆಂದರೆ ನಾನೇ. ಅಡುಗೆಮನೆಯ ಮೂಲೆಯಲ್ಲಿ ಮರಳಿನ ಮೇಲೆ ತಣ್ಣಗೆ ಕೂತಿದ್ದೆ. ರಂಗ ಬಂದಾಗಲೆಲ್ಲ ನನ್ನ ನೀರು ಕುಡಿದು ತನ್ನನ್ನು ತಾನೇ ಹೊಗಳಿಕೊಳ್ಳುತ್ತಿದ್ದ. ಪ್ಲಾಸ್ಟಿಕ್ ಬಂತು, ಮಡಕೆ ಕೊಳ್ಳುವವರು ಇಲ್ಲವಾದರು. ಅವನು ಉತ್ತರದ ಕಡೆ ಯಾವುದೋ ಹೆಂಚಿನ ಕಾರ್ಖಾನೆಗೆ ಹೊರಟುಹೋದ. ಪ್ರತಿ ಯುಗಾದಿ ಬೆಳಿಗ್ಗೆ ತಪ್ಪದೆ ಫೋನು ಮಾಡಿ, ಬೇವು ಬೆಲ್ಲ ತಿಂದೆಯಾ ಅಕ್ಕ ಎಂದು ಕೇಳುತ್ತಿದ್ದ.

ಒಂದು ಯುಗಾದಿಗೆ ಫೋನು ಬರಲಿಲ್ಲ. ಮುಂದಿನದಕ್ಕೂ ಇಲ್ಲ. ದೇವೀರಮ್ಮ ರಜೆ ಹಾಕಿ ಅಲ್ಲಿಯವರೆಗೂ ಹೋಗಿ ಬಂದಳು. ಅವನು ಕೆಲಸ ಬಿಟ್ಟು ಎಲ್ಲಿಗೆ ಹೋದನೆಂದು ಯಾರಿಗೂ ತಿಳಿದಿರಲಿಲ್ಲ. ಅಂದಿನಿಂದ ನಾನು ಬಿರುಕು ಬಿಟ್ಟೇನೆಂದು ಹೆದರಿ ನನಗೆ ನೀರು ತುಂಬುವುದನ್ನೇ ಬಿಟ್ಟಳು. ಬೀದಿಯವರೆಲ್ಲ ಹಳೆಯ ಫೋನು ತೆಗೆಸಿದರೂ ಇವಳು ತೆಗೆಸಲಿಲ್ಲ. ಮನೆಯನ್ನೂ ಬದಲಿಸಲಿಲ್ಲ. ನೀರಿಲ್ಲದ ಮಡಕೆಯ ಒಂಟಿತನ ನಿಮಗೆ ತಿಳಿಯದು. ನಾನೂ ಫೋನೂ ಎದುರುಬದುರು ಕೂತು ವರ್ಷಗಳನ್ನು ಕಳೆದೆವು.

ದೇವೀರಮ್ಮ ನಿವೃತ್ತಳಾದ ಮೇಲೆ ಅವಳ ಅಣ್ಣ ಮಾದಶೆಟ್ಟಿ ಬಂದು ಹೇಳಿದ: ಇಷ್ಟು ವರ್ಷ ಕಾದದ್ದಾಯಿತು, ಹುಲ್ಲಿನ ಬೊಂಬೆ ಮಾಡಿ ರಂಗನ ಸಂಸ್ಕಾರ ಮುಗಿಸೋಣ, ಅವನ ಜೀವಕ್ಕೂ ನೆಮ್ಮದಿ. ಅವಳಿಗೆ ಸಿಟ್ಟು ಬಂತು.

"ಅವನು ಬದುಕವ್ನೆ. ನಂಗೊತ್ತು."

"ಹೆಂಗೊತ್ತವ್ವ?"

ಆ ಪ್ರಶ್ನೆಯೇ ಅವಳನ್ನು ಭಾನುವಾರದ ಪಾಠಕ್ಕೆ ಎಳೆದುಕೊಂಡು ಹೋಯಿತು. ಬಡಾವಣೆಯ ಗ್ರಂಥಾಲಯದಲ್ಲಿ ಶೇಷಗಿರಿರಾಯರೆಂಬ ಹಳೆಯ ಮೇಷ್ಟ್ರು, ತಿಳಿವು ಎಂದರೇನು, ಸತ್ಯ ಎಂದರೇನು ಎಂಬುದನ್ನು ಅ ಆ ಇ ಈಯಿಂದ ಹೇಳಿಕೊಡುತ್ತಿದ್ದರು. ಅವರ ಶಾಸ್ತ್ರದಲ್ಲಿ ಹೆಜ್ಜೆಹೆಜ್ಜೆಗೂ ಮಡಕೆಯೇ ಉದಾಹರಣೆ. ಒಂದು ಮಡಕೆ ತರುತ್ತೀರಾ ಎಂದು ಅವರು ಕೇಳಿದರೆ, ಬಂದವರಲ್ಲಿ ಮಣ್ಣಿನ ಮಡಕೆ ಇದ್ದದ್ದು ಇವಳೊಬ್ಬಳ ಮನೆಯಲ್ಲಿ. ಹೀಗೆ ನಾನು ವಿದ್ವಾಂಸರ ಮೇಜು ಹತ್ತಿದೆ. ಸ್ವಲ್ಪ ಜಂಬವೂ ಬಂತೆನ್ನಿ.

ಹೊಗೆ ಕಂಡರೆ ಬೆಂಕಿ ಇದೆಯೆಂದು ಊಹಿಸುತ್ತೇವೆ, ಮಡಕೆ ಕಂಡರೆ ಕುಂಬಾರನನ್ನು ಊಹಿಸುತ್ತೇವೆ ಎಂದರು ರಾಯರು. ದೇವೀರಮ್ಮ ಎದ್ದು ನಿಂತಳು. ಅವಳ ಮುಖ ಅಷ್ಟು ಅರಳಿದ್ದನ್ನು ನಾನು ಬಹಳ ಕಾಲದಿಂದ ಕಂಡಿರಲಿಲ್ಲ.

"ಹಂಗಾದ್ರೆ ಮಡಕೆ ಇದ್ರೆ ಕುಂಬಾರ ಇದ್ದೇ ಇರ್ತಾನೆ, ಅಲ್ವಾ ಸಾರ್?"

ರಾಯರಿಗೆ ರಂಗನ ಸಂಗತಿ ಗೊತ್ತಿರಲಿಲ್ಲ. "ಮಾಡುವಾಗ ಇದ್ದ ಅಂತ ಮಾತ್ರ ಗೊತ್ತಾಗತ್ತೆ ತಾಯಿ. ಈಗ ಇದ್ದಾನೋ ಇಲ್ವೋ, ಅದನ್ನ ಮಡಕೆ ಹೇಳಲ್ಲ" ಎಂದರು. ಅವಳು ಮೆಲ್ಲಗೆ ಕೂತಳು. ನನಗೆ ನಾಚಿಕೆಯಾಯಿತು. ಮೈಮೇಲೆ ಅವನ ಬೆರಳನ್ನೇ ಹೊತ್ತಿದ್ದರೂ ಅವನ ಸುದ್ದಿ ನನಗೂ ಗೊತ್ತಿರಲಿಲ್ಲ.

ಮತ್ತೊಂದು ಭಾನುವಾರ ರಾಯರು ನನ್ನನ್ನು ಮೇಜಿನ ಕೆಳಗಿಟ್ಟು, ಮೇಲೆ ಮಡಕೆ ಇಲ್ಲವೆಂದು ಹೇಗೆ ಗೊತ್ತು ಎಂದು ಕೇಳಿದರು. ಕಾಣುತ್ತಿಲ್ಲ ಎಂದರು ಎಲ್ಲರೂ. ಕತ್ತಲಲ್ಲಿ ಕಾಣದಿದ್ದರೆ ಇಲ್ಲವೆನ್ನಲಾಗದು. ದೀಪ ಹಚ್ಚಿರಬೇಕು, ಇದ್ದಿದ್ದರೆ ಕಂಡೇ ಕಾಣುತ್ತಿತ್ತು ಎನ್ನುವಂತಿರಬೇಕು, ಆಗ ಮಾತ್ರ ಕಾಣದಿರುವುದೂ ಒಂದು ತಿಳಿವು ಎಂದು ಅವರು ಬಿಡಿಸಿ ಹೇಳಿದರು. ಮೇಜಿನ ಕೆಳಗಿನಿಂದ ನನಗೆ ಕಂಡದ್ದು ದೇವೀರಮ್ಮನ ಪಾದಗಳು ಮಾತ್ರ. ಪಾಠ ಮುಗಿದು ಎಲ್ಲರೂ ಎದ್ದರೂ ಅವು ಅಲುಗಲಿಲ್ಲ. ಅಂದು ಅವಳು ನನ್ನನ್ನು ಎತ್ತಿಕೊಂಡು ಮನೆಗೆ ತಂದಳು.

ಯುಗಾದಿ ಬಂತು. ಅವಳು ಬೇವು ಬೆಲ್ಲವನ್ನು ಬಟ್ಟಲಲ್ಲಿಟ್ಟು ಫೋನಿನ ಮುಂದೆ ಕೂತಳು. ರಿಸೀವರ್ ಎತ್ತಿ ಕಿವಿಗಿಟ್ಟಳು; ಗುರ್ ಎಂಬ ಸದ್ದು ಸರಿಯಾಗಿಯೇ ಇತ್ತು. ಮಧ್ಯಾಹ್ನವಾಯಿತು. ಅವಳು ನನ್ನ ಕತ್ತಿನ ಗುರುತನ್ನು ಸವರಿದಳು.

"ನಾನು ದೀಪ ಹಚ್ಚೇ ಇಟ್ಟಿದ್ದೆ ಕಣೋ, ರಂಗ."

ಮನಸಾರೆ ಅತ್ತಳು. ಆಮೇಲೆ ಅದೇ ಫೋನಿನಿಂದ ಮಾದಶೆಟ್ಟಿಗೆ, ಆಗಲಿ ಅಣ್ಣ, ಮಾಡೋಣ ಎಂದಳು. ಹೆಂಗೊತ್ತಾಯ್ತು ಎಂದು ಅವನು ಮತ್ತೆ ಕೇಳಿರಬೇಕು.

"ಇದ್ದಿದ್ರೆ ಫೋನು ಮಾಡ್ತಿದ್ದ" ಎಂದಳು.

ಸಂಸ್ಕಾರದಲ್ಲಿ ಒಡೆಯಲು ಒಂದು ಮಡಕೆ ಬೇಕು. ಅಂಗಡಿಯದು ಬೇಡವೆಂದು ಅವಳು ನನ್ನನ್ನೇ ಕೊಟ್ಟಳು. ಹೊಳೆಯ ದಡದಲ್ಲಿ, ಎಷ್ಟೋ ವರ್ಷಗಳ ಮೇಲೆ, ನನ್ನೊಳಗೆ ನೀರು ಬಿತ್ತು. ಆ ತಂಪಿಗೆ ನಾನು ನನ್ನನ್ನೇ ಮರೆತೆ. ಮಾದಶೆಟ್ಟಿ ಹೆಗಲ ಮೇಲೆ ಹೊತ್ತು, ಸುತ್ತಿಗೊಂದರಂತೆ ನನಗೆ ಕೊರೆದ ತೂತುಗಳಿಂದ ನೀರು ಸುರಿಸುತ್ತ ಹುಲ್ಲಿನ ಬೊಂಬೆಯನ್ನು ಸುತ್ತಿ, ಹಿಂದಕ್ಕೆ ಬಿಟ್ಟುಬಿಟ್ಟ. ಅಲ್ಲಿ ಬಿದ್ದದ್ದನ್ನು ಮನೆಗೆ ತರಬಾರದೆಂದು ಎಲ್ಲರೂ ಹೇಳಿದರು. ದೇವೀರಮ್ಮ ಕೇಳಲಿಲ್ಲ, ಕತ್ತಿನ ಒಂದು ಚೂರನ್ನು ಸೆರಗಿಗೆ ಕಟ್ಟಿಕೊಂಡಳು.

ಆ ಚೂರೇ ಈಗಿನ ನಾನು. ಅವಳ ಕಿಟಕಿಯ ಕಟ್ಟೆಯ ಮೇಲಿದ್ದೇನೆ. ಎದುರಿಗೆ ಫೋನಿಲ್ಲ, ತೆಗೆಸಿದಳು. ಸಂಜೆ ಕೆಲವೊಮ್ಮೆ ನನ್ನನ್ನು ಕೈಗೆತ್ತಿಕೊಂಡು, ಆ ಗುರುತಿನೊಳಗೆ ತನ್ನ ಹೆಬ್ಬೆರಳಿಟ್ಟು ಕೂರುತ್ತಾಳೆ. ಅವಳ ಬೆರಳು ಸಣ್ಣದು. ಸುತ್ತ ಒಂದಿಷ್ಟು ಜಾಗ ಉಳಿಯುತ್ತದೆ.